ಕುಡಿಯುವವನಿಗೆ ಗೊತ್ತಾಗದ ಹಾಗೆ

ಎಸ್‌.ಟಿ. ಸ್ಟ್ಯಾಂಡಿನ ಗೋಡೆಗಳನ್ನು ಓದುವ ಚಟ ನನಗೆ ಹುಡುಗನಾಗಿದ್ದಾಗಿನಿಂದಲೂ ಇದೆ. ಸೊಲ್ಲಾಪುರದಲ್ಲಿ ಮಾಸ್ತರಿಕೆ, ಅಕ್ಕಲಕೋಟೆ ತಾಲೂಕಿನಲ್ಲಿ ಮನೆತನ. ನಡುವಿನ ನಲವತ್ತು ಕಿಲೋಮೀಟರು ಕೆಂಪು ಬಸ್ಸಿನ ಮರ್ಜಿಯಲ್ಲಿದೆ. ಬಸ್ಸು ಬರುವ ತನಕ ಮನುಷ್ಯ ಏನನ್ನಾದರೂ ಓದಲೇಬೇಕಲ್ಲ. ಮೂಲವ್ಯಾಧಿಗೆ ಗ್ಯಾರಂಟಿ ಇಲಾಜು, ಮುರಿದ ಸಂಸಾರಕ್ಕೆ ಬಾಬಾನ ತಾಯಿತ, ತಿಂಗಳೊಪ್ಪತ್ತಿನಲ್ಲಿ ಇಂಗ್ಲಿಷು, ಇವೆಲ್ಲದರ ನಡುವೆ ವರ್ಷಾನುಗಟ್ಟಲೆ ಅಲುಗದೆ ನಿಂತ ಜಾಹೀರಾತು ಒಂದಿದೆ. ಕರ್ನಾಟಕದ ಗಡಿಯ ಈಚೆಗೆ ಮರಾಠಿಯಲ್ಲಿ, ಅಫಜಲಪುರದ ಆಚೆಗೆ ಕನ್ನಡದಲ್ಲಿ. ಒಕ್ಕಣೆ ಮಾತ್ರ ಎರಡೂ ಕಡೆ ಒಂದೇ. ಕುಡಿಯುವವನಿಗೆ ಗೊತ್ತಾಗದ ಹಾಗೆ ಕುಡಿತ ಬಿಡಿಸಿ. ಚಹಾದಲ್ಲಿ ಬೆರೆಸಿ, ಪಲ್ಯದಲ್ಲಿ ಬೆರೆಸಿ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ.

ಇದನ್ನು ಬರೆದವನು ಯಾರೇ ಇರಲಿ, ನಮ್ಮ ಮನೆಗಳ ಒಳಗುಟ್ಟು ಬಲ್ಲವನು. ಹುಡುಗಿಯನ್ನು ಕೇಳದೆ ಮದುವೆ ನಿಶ್ಚಯಿಸುವ ಜನ ನಾವು. ಕುಡುಕನನ್ನು ಕೇಳದೆ ಅವನ ಕುಡಿತ ಬಿಡಿಸುವುದು ಯಾವ ದೊಡ್ಡ ಮಾತು? ಕುಡಿಯುವುದಕ್ಕೆ ಅವನು ಬೇಕು. ಬಿಡುವುದಕ್ಕೆ ಹೆಂಡತಿ ಸಾಕು, ಅಣ್ಣ ಸಾಕು, ಊರ ಹಿರಿಯರು ಸಾಕು, ಒಂದು ಪೊಟ್ಟಣ ಪುಡಿ ಸಾಕು.

ನಮ್ಮ ಕಾಕಾನ ಮೇಲೆ ಈ ಎಲ್ಲ ಪ್ರಯೋಗಗಳೂ ನಡೆದಿವೆ. ಕಾಕಾ ಎಂದರೆ ನಮ್ಮಪ್ಪನ ತಮ್ಮ. ಪ್ರಾಯದಲ್ಲಿ ಸೊಲ್ಲಾಪುರದ ಗಿರಣಿಯೊಂದರ ಮಗ್ಗದ ಖಾತೆಯಲ್ಲಿದ್ದ. 1877ರಲ್ಲಿ ‘ಜುನೀ ಮಿಲ್’ ಶುರುವಾದಾಗಿನಿಂದ ಈ ಊರು ಭೋಂಗಾದ, ಅಂದರೆ ಗಿರಣಿಯ ಸೈರನ್ನಿನ, ಮೇಲೆ ನಡೆದ ಊರು: ಭೋಂಗಾ ಊದಿದರೆ ಏಳುವುದು, ಊದಿದರೆ ಉಣ್ಣುವುದು, ಊದಿದರೆ ಮನೆಗೆ ಹೋಗುವುದು. ಗಿರಣಿಗಳು ಒಂದರ ಹಿಂದೊಂದು ಬಾಗಿಲು ಹಾಕಿದಾಗ ಪಗಾರದ ಜೊತೆ ಭೋಂಗಾವೂ ಹೋಯಿತು. ಹೊತ್ತು ಮುಳುಗಿದ್ದನ್ನು ಹೇಳುವವರೇ ಇಲ್ಲವಾದರು. ಅಕ್ಕಲಕೋಟೆಗೆ ವಾಪಸು ಬಂದ ಕಾಕಾನಿಗೆ ಸಂಜೆ ಎಂದರೆ ಏನು ಎಂದು ಮೊದಲು ಹೇಳಿಕೊಟ್ಟದ್ದು ದೇಸಿ ದಾರುವಿನ ಅಂಗಡಿ. ಗಿರಣಿ ಮುಚ್ಚಿದ್ದಕ್ಕೇ ಕುಡಿದ ಎಂದು ನಮ್ಮ ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಅದೇ ಗಿರಣಿಯಿಂದ ಅದೇ ದಿನ ಹೊರಬಿದ್ದ ಪಕ್ಕದ ಮಗ್ಗದವನು ಶೇಂಗಾ ಚಟ್ನಿ ಕುಟ್ಟಿ ಮಾರಿ ಮನೆ ಕಟ್ಟಿಸಿದ. ಆದ್ದರಿಂದ ಈ ಕಾರಣವನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಪುಡಿಯ ಪ್ರಯೋಗ ಕಾಕಿಯದು. ಚಹಾದಲ್ಲಿ ಹಾಕಿದಳು, ಝುಣಕದಲ್ಲಿ ಹಾಕಿದಳು. ಕಾಕಾ ಎರಡನ್ನೂ ಚಪ್ಪರಿಸಿ ತಿಂದು ಸಂಜೆ ಎಂದಿನಂತೆ ಹೊರಟ. ಆ ಪುಡಿಯಲ್ಲಿ ಸುಣ್ಣವಿತ್ತೋ ಬೂದಿಯಿತ್ತೋ, ಅಂತೂ ಬರಿಯ ಪುಡಿಯಾಗಿದ್ದದ್ದು ನಮ್ಮ ಪುಣ್ಯ. ಏಕೆಂದರೆ ನಿಜವಾದ ಮಾತ್ರೆಯೂ ಒಂದಿದೆ. ಡೈಸಲ್ಫಿರಾಮ್ ಎಂದು ಅದರ ಹೆಸರು; 1940ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನವರು ಕುಡಿತದ ಔಷಧವಾಗಿ ಬಳಕೆಗೆ ತಂದದ್ದು. ಅದನ್ನು ನುಂಗಿದವನು ಮೇಲೆ ಒಂದು ಪೆಗ್ಗು ಹಾಕಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಜೀವ ಬೇಡವೆನಿಸುತ್ತದೆ. ಡಾಕ್ಟರು ಎದುರು ಕೂರಿಸಿಕೊಂಡು, ತಿಳಿಸಿ ಹೇಳಿ, ಅವನೇ ಒಪ್ಪಿದ ಮೇಲೆ ಕೊಡುವ ಮದ್ದು ಅದು. ಗುಟ್ಟಾಗಿ ಅನ್ನದಲ್ಲಿ ಕಲಸಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು.

ಆಮೇಲೆ ಆಣೆ. ಅಕ್ಕಲಕೋಟೆಯಲ್ಲಿ ಮನೆ ಇದ್ದ ಮೇಲೆ ಆಣೆಗೆ ಜಾಗ ಹುಡುಕಬೇಕಾಗಿಲ್ಲ. ಸ್ವಾಮಿ ಸಮರ್ಥರು 1856ರಲ್ಲಿ ಈ ಊರಿಗೆ ಬಂದು, 1878ರಲ್ಲಿ ಇಲ್ಲೇ ಸಮಾಧಿಯಾದರು. ಅವರು ಕೂರುತ್ತಿದ್ದ ಆಲದ ಮರದ ಕೆಳಗೆ ಇವತ್ತು ವಟವೃಕ್ಷ ಮಂದಿರ. ಗುರುವಾರ ಬಂತೆಂದರೆ ಪುಣೆ ಮುಂಬಯಿಯಿಂದ ಗಾಡಿಗಳು ಸಾಲುಗಟ್ಟುತ್ತವೆ, ಅನ್ನಛತ್ರದಲ್ಲಿ ಪಂಗ್ತಿಯ ಮೇಲೆ ಪಂಗ್ತಿ ಏಳುತ್ತದೆ. ಆ ಸಾಲಿನಲ್ಲಿ ಕಣ್ಣು ಕೆಂಪಾದ, ಗಡ್ಡ ಬಿಟ್ಟ, ಎರಡೂ ಕಡೆ ಸಂಬಂಧಿಕರು ರಟ್ಟೆ ಹಿಡಿದುಕೊಂಡ ಒಬ್ಬಿಬ್ಬರನ್ನು ನೀವು ನೋಡಿಯೇ ಇರುತ್ತೀರಿ. ಕಾಕಾನನ್ನೂ ಹಾಗೇ ನಿಲ್ಲಿಸಿದ್ದೆವು. ಮುಟ್ಟುವುದಿಲ್ಲ ಎಂದು ಕರ್ಪೂರ ಮುಟ್ಟಿ ಹೇಳಿದ. ಹೇಳುವಾಗ ‘ಅಕ್ಕಲಕೋಟೆಯಾಗ’ ಎಂದು ನಡುವೆ ಒಂದು ಶಬ್ದ ಸೇರಿಸಿದ್ದನ್ನು ಗದ್ದಲದಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ. ಅಲ್ಲಿಂದ ಮುಂದೆ ಗಡಿ ದಾಟಿ ಕುಡಿದು ಬರತೊಡಗಿದ. ಅಕ್ಕಲಕೋಟೆಯನ್ನು ಕರ್ನಾಟಕಕ್ಕೆ ಕೊಡಬೇಕೆಂದು ಮಹಾಜನ ಆಯೋಗ 1967ರಲ್ಲಿ ಬರೆದದ್ದು ಜಾರಿಗೆ ಬಂದಿದ್ದರೆ ಗಡಿ ಎಲ್ಲಿಗೆ ಸರಿಯುತ್ತಿತ್ತು, ಕಾಕಾ ಎಷ್ಟು ದೂರ ನಡೆಯಬೇಕಾಗುತ್ತಿತ್ತು ಎಂದು ನಾನು ಲೆಕ್ಕ ಹಾಕಿದ್ದುಂಟು.

ಪಂಢರಪುರವೂ ನಮ್ಮ ಜಿಲ್ಲೆಯದೇ. ಅಲ್ಲಿಯ ದೇವರ ಹೆಸರಿನಲ್ಲಿ ತುಳಸಿ ಮಾಳ ಹಾಕಿಕೊಂಡವನು ದಾರು, ಮಟನ್ ಎರಡನ್ನೂ ಬಿಡಬೇಕು. ಹಾಗೆ ಬಿಟ್ಟು ನೆಟ್ಟಗಾದ ಮಾಳಕರಿಗಳು ಹಳ್ಳಿಹಳ್ಳಿಯಲ್ಲಿದ್ದಾರೆ, ಅವರನ್ನು ಕಂಡರೆ ನನಗೆ ಗೌರವ. ನಮ್ಮ ಕಾಕಾ ಮಾಳವನ್ನೂ ಹಾಕಿದ. ಸಂಜೆ ಅದನ್ನು ತೆಗೆದು ಗೂಟಕ್ಕೆ ತೂಗುಹಾಕಿ ಹೊರಡುತ್ತಿದ್ದ. ದೇವರಿಗೆ ಮೋಸ ಮಾಡಬಾರದು ಎಂಬ ಭಯ ಅವನಿಗೆ ಬಹಳ.

ಹಾಗೆ ನೋಡಿದರೆ ಸೊಲ್ಲಾಪುರಕ್ಕೂ ಹೆಂಡಕ್ಕೂ ಹಳೇ ಜಗಳ. 1930ರ ಮೇ ತಿಂಗಳಲ್ಲಿ ಗಾಂಧೀಜಿಯ ಬಂಧನದ ಸುದ್ದಿ ಬಂದಾಗ ಇಲ್ಲಿಯ ಜನ ಹೊರಟದ್ದು ರೂಪಾಭವಾನಿ ಗುಡಿಯ ಕಡೆಗೆ, ಶಿಂದಿ ಮರ ಕಡಿಯಲಿಕ್ಕೆ. ಗೋಲೀಬಾರ್ ಆಯಿತು, ಊರು ಕೆಲವು ದಿನ ಬ್ರಿಟಿಷರ ಕೈಯಲ್ಲೇ ಉಳಿಯಲಿಲ್ಲ, ಆಮೇಲೆ ಮಾರ್ಶಲ್ ಲಾ ಬಂತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ಈ ನಾಲ್ವರನ್ನು ಯೆರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಚಾರ್ ಹುತಾತ್ಮಾ ಚೌಕದ ಪುತ್ಥಳಿಗಳು ಅವರವೇ. ಆ ಚಳವಳಿಯ ಮೊದಲ ಕೊಡಲಿ ಏಟು ಬಿದ್ದದ್ದು ಹೆಂಡದ ಮರಕ್ಕೆ ಎಂಬುದು ಚೌಕದ ಸುತ್ತ ಗಾಡಿ ತಿರುಗಿಸುವ ಎಷ್ಟು ಮಂದಿಯ ನೆನಪಿನಲ್ಲಿದೆಯೋ.

ಕಾಯ್ದೆಯೂ ಕುಡಿಯುವವನ ಪರವಾಗಿಲ್ಲ. 1949ರ ಮುಂಬಯಿ ದಾರುಬಂದಿ ಕಾಯ್ದೆ ಮಹಾರಾಷ್ಟ್ರದಲ್ಲಿ ಇವತ್ತಿಗೂ ಜೀವಂತ. ಅದರ ಪ್ರಕಾರ ಕುಡಿಯುವವನ ಕಿಸೆಯಲ್ಲಿ ಪರವಾನಗಿ ಇರಬೇಕು, ಒಂದು ದಿನದ ಮಟ್ಟಿಗಾದರೂ. ದೇಸಿಗೆ 2 ರೂಪಾಯಿಯ ಚೀಟಿ, ವಿದೇಶಿಗೆ 5 ರೂಪಾಯಿಯದು. ಇಡೀ ಜೀವಮಾನ ಕುಡಿದ ಕಾಕಾ ಆ ಚೀಟಿಯನ್ನು ಕಣ್ಣಿನಿಂದ ಕಂಡವನಲ್ಲ. ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಮತ ಹಾಕಿ ದಾರು ಅಂಗಡಿ ಮುಚ್ಚಿಸುವ ಪದ್ಧತಿ ಇದೆ. ಮತಪತ್ರದ ಮೇಲೆ ಎರಡು ಚಿತ್ರ: ನಿಂತ ಬಾಟಲಿ, ಆಡವೀ ಅಂದರೆ ಮಲಗಿದ ಬಾಟಲಿ. ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ಮಲಗಿದ ಬಾಟಲಿಗೆ ಮುದ್ರೆ ಒತ್ತಿದರೆ ಅಂಗಡಿ ಬಂದ್. ನಮ್ಮ ದೇಶದ ಚುನಾವಣಾ ಚಿಹ್ನೆಗಳಲ್ಲಿ ಇಷ್ಟು ನೇರವಾಗಿ ಮಾತಾಡುವ ಚಿಹ್ನೆ ಇನ್ನೊಂದಿರಲಾರದು. ಸೊಲ್ಲಾಪುರದ ಮಗ್ಗುಲಲ್ಲೇ ಮುಳೇಗಾಂವ ತಾಂಡಾ. ಹಾತಭಟ್ಟಿಗೆ, ಅಂದರೆ ಕಳ್ಳಭಟ್ಟಿ ದಾರುವಿಗೆ, ಹೆಸರಾದ ಜಾಗ. 2021ರಲ್ಲಿ ಜಿಲ್ಲಾ ಪೊಲೀಸ್ ಅಧೀಕ್ಷಕಿ ತೇಜಸ್ವಿ ಸಾತಪುತೆಯವರು ‘ಆಪರೇಶನ್ ಪರಿವರ್ತನ್’ ಎಂದು ಶುರುಮಾಡಿ, ಭಟ್ಟಿ ಒಡೆಯುವುದರ ಜೊತೆಗೆ ಭಟ್ಟಿಯವರಿಗೆ ಬೇರೆ ಕಸುಬು ಹುಡುಕಿಕೊಡುವ ಕೆಲಸಕ್ಕೆ ಪೊಲೀಸರನ್ನು ಹಚ್ಚಿದರು. ಲಾಠಿಗಿಂತ ಅದು ಶಾಣ್ಯಾತನದ ದಾರಿ. ಆದರೆ ಮರ ಕಡಿದರೂ, ಬಾಟಲಿ ಮಲಗಿಸಿದರೂ, ಭಟ್ಟಿ ಆರಿಸಿದರೂ ಕುಡಿಯುವವನನ್ನು ಯಾರೂ ಏನೂ ಕೇಳಿದ ಹಾಗಾಗಲಿಲ್ಲ. ಅವನು ಮುಂದಿನ ಊರಿಗೆ ಹೋಗುತ್ತಾನೆ, ಅಷ್ಟೆ.

ಕೇಳಿದವರು ಒಬ್ಬರಿದ್ದರು, ಇಳಕಲ್ಲಿನ ಮಹಾಂತ ಸ್ವಾಮಿಗಳು. ಊರೂರು ತಿರುಗಿ, ಓಣಿಓಣಿಯಲ್ಲಿ ಜೋಳಿಗೆ ಹಿಡಿದು ಭಿಕ್ಷೆ ಬೇಡಿದರು. ಜೋಳಿಗೆಗೆ ಬೇಕಾಗಿದ್ದದ್ದು ಜೋಳವಲ್ಲ, ರೊಕ್ಕವಲ್ಲ; ನಿಮ್ಮ ಚಟ ಹಾಕಿರಿ ಎಂದರು. ಜನ ಬೀಡಿ ಕಟ್ಟು ಹಾಕಿದರು, ಗುಟಕಾ ಹಾಕಿದರು, ಬಾಟಲಿ ಹಾಕಿದರು. ‘ಮಹಾಂತ ಜೋಳಿಗೆ’ ಎಂದೇ ಅದಕ್ಕೆ ಹೆಸರಾಯಿತು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಹುಟ್ಟಿದ ದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ನನಗೆ ಆ ಜೋಳಿಗೆಯಲ್ಲಿ ಹಿಡಿಸಿದ್ದು ಒಂದೇ ಸಂಗತಿ: ಅದರೊಳಗೆ ಹೆಂಡತಿ ಗಂಡನ ಪರವಾಗಿ ಹಾಕುವ ಹಾಗಿರಲಿಲ್ಲ. ಅವನ ಕೈಯೇ ಒಳಗೆ ಹೋಗಬೇಕು. ಆದರೆ ಜೋಳಿಗೆ ಮರುದಿನ ಮುಂದಿನ ಊರಿಗೆ ನಡೆಯುತ್ತದೆ. ಹಾಕಿದವನು ಊರಲ್ಲೇ ಉಳಿಯುತ್ತಾನೆ, ಅವನ ಜೊತೆ ಸಂಜೆ ಆರೂವರೆಯೂ ಉಳಿಯುತ್ತದೆ.

ಈ ಆರೂವರೆಯ ವಿಷಯ ನನಗೆ ತಿಳಿದದ್ದು ಸೊಲ್ಲಾಪುರದ ಡಾಕ್ಟರೊಬ್ಬರಿಂದ. ಕಾಕಾನ ಕೈ ನಡುಗುವುದು ಬೆಳಗ್ಗೆಯೇ ಶುರುವಾದಾಗ ಅವರ ಬಳಿ ಹೋಗಿದ್ದೆವು. ಮನೆಯಲ್ಲಿ ಕೂಡಿಹಾಕಿ ಬಿಡಿಸುತ್ತೇವೆ ಎಂದದ್ದಕ್ಕೆ ಅವರು ಗದರಿದರು. ವರ್ಷಗಟ್ಟಲೆ ದಿನಾ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು, ಕೆಲವರು ಸತ್ತೂ ಹೋಗುತ್ತಾರೆ. ಆಸ್ಪತ್ರೆಯಲ್ಲಿ ಔಷಧ ಕೊಟ್ಟು ಇಳಿಸಬೇಕು ಎಂದರು. ಹಾಗೇ ಆಯಿತು. ಮನೆಗೆ ಕಳಿಸುವ ದಿನ ಚೀಟಿಯ ಹಿಂದೆ ಒಂದು ಫೋನ್ ನಂಬರು ಬರೆದರು. “ನನ್ನ ಕೆಲಸ ಮುಗೀತು ಮಾಸ್ತರ. ಇನ್ನ ದಿನಾ ಸಂಜೀಕ ಆರೂವರಿ ಆಗ್ತದಲ್ಲ, ಅದಕ್ಕ ನನ್ನ ಹತ್ರ ಔಷಧ ಇಲ್ಲ. ಇವ್ರ ಹತ್ರ ಅದ.”

ಇವರೆಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, ಬಾಯಿಮಾತಿನಲ್ಲಿ ಎ.ಎ. ಕುಡಿತ ಬಿಟ್ಟವರೂ ಬಿಡಬೇಕೆಂದವರೂ ಕೂಡಿ ಕೂರುವ ಸಭೆ. ನಂಬರು ಒತ್ತಿದೆ. ಆ ಕಡೆಯವರು ಮರಾಠಿಯಲ್ಲಿ ಶುರುಮಾಡಿದರು. ನನ್ನ ಮರಾಠಿಯ ಎರಡನೇ ವಾಕ್ಯಕ್ಕೆ ಕನ್ನಡಕ್ಕೆ ಹೊರಳಿದರು. ಸೊಲ್ಲಾಪುರದವರಿಗೆ ಅದು ಕಷ್ಟವಲ್ಲ; ಒಂದು ಚಾದರದ ಚೌಕಾಸಿಯಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಬಂದು ಹೋಗುವ ಊರು ಇದು.

“ದಾರು ಬಿಡಸ್ತೀರಂತಲ್ರಿ?” ಎಂದೆ.

“ಇಲ್ರಿ, ನಾವು ಬಿಡಸೂದಿಲ್ಲ. ಬಿಟ್ಟವ್ರು ಕೂಡ್ತೀವಿ. ಕುಡಿಯೋರು ಯಾರು, ನೀವೇ ಏನು?”

“ಅಲ್ರಿ, ನಮ್ಮ ಕಾಕಾ.”

“ಹಂಗಾರ ಫೋನ್ ಕಾಕಾರ ಕೈಯಾಗ ಕೊಡ್ರಿ.”

“ಅವರು ಮಾತಾಡಂಗಿಲ್ರಿ. ನೀವೇ ಒಮ್ಮೆ ಮನೀಗಿ ಬಂದು ತಿಳಿಸಿ ಹೇಳಿದ್ರ…”

“ಅವರು ಮಾತಾಡ್ತೀನಿ ಅಂದ ದಿನಾ ಮಾಡ್ರಿ. ರಾತ್ರಿ ಹನ್ನೆರಡಕ್ಕ ಮಾಡಿದ್ರೂ ಎತ್ತತೀನಿ. ನಿಮ್ಮ ಕಾಕಿಯವ್ರಿಗೆ ಮಾತಾಡಬೇಕಂದ್ರ ಹೇಳ್ರಿ, ಅದಕ್ಕ ಬ್ಯಾರೇ ನಂಬರ್ ಕೊಡ್ತೀನಿ.”

ಫೋನು ಇಟ್ಟ ಮೇಲೆ ನನಗೆ ಸಿಟ್ಟೇ ಬಂತು. ಸಭೆ ಎಲ್ಲಿ, ಎಷ್ಟು ಹೊತ್ತಿಗೆ ಎಂದು ಕೇಳಿದ್ದಕ್ಕೂ ಅವರು ಜಾರಿಕೊಳ್ಳಲಿಲ್ಲ, ಜಾಗ ಹೇಳಿದರು. ಆದರೆ ಕಾಕಾನನ್ನು ನಾವು ಹೊತ್ತುಕೊಂಡು ಬಂದು ಒಪ್ಪಿಸುವುದಕ್ಕೆ ಮಾತ್ರ ಒಪ್ಪಲಿಲ್ಲ. ಪುಡಿ ಮಾರುವವನು ಕುಡುಕನೇ ಬೇಡ ಎನ್ನುತ್ತಾನೆ, ಇವರು ಕುಡುಕನೇ ಬೇಕು ಎನ್ನುತ್ತಾರೆ. ಆಮೇಲೆ ಅವರ ಚರಿತ್ರೆ ಓದಿದಾಗ ಇದು ಅವರ ಹುಟ್ಟುಗುಣ ಎಂದು ತಿಳಿಯಿತು.

1935ರ ಮೇ ತಿಂಗಳು. ಅಮೆರಿಕದ ಓಹಾಯೊ ಪ್ರಾಂತದ ಆಕ್ರನ್ ಎಂಬ ಟೈರು ಕಾರ್ಖಾನೆಗಳ ಊರು. ನ್ಯೂಯಾರ್ಕಿನಿಂದ ವ್ಯಾಪಾರಕ್ಕೆಂದು ಬಂದ ಬಿಲ್ ವಿಲ್ಸನ್ ಎಂಬ ಶೇರುಪೇಟೆಯ ಮನುಷ್ಯ, ವ್ಯಾಪಾರ ಮುರಿದು, ಮೇಫ್ಲವರ್ ಹೋಟೆಲಿನ ಪಡಸಾಲೆಯಲ್ಲಿ ಅತ್ತಿತ್ತ ತಿರುಗುತ್ತಿದ್ದಾನೆ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದೆ. ಒಂದು ತುದಿಗೆ ಬಾರು, ಇನ್ನೊಂದು ತುದಿಗೆ ಟೆಲಿಫೋನು. ಬಾರಿಗೆ ಹೋಗದಿರಬೇಕಾದರೆ ತನಗೆ ಈಗಲೇ ಇನ್ನೊಬ್ಬ ಕುಡುಕ ಬೇಕು ಎನ್ನಿಸುತ್ತದೆ. ಗೋಡೆಗೆ ತೂಗಿದ ಚರ್ಚುಗಳ ಪಟ್ಟಿ ನೋಡಿ ಪಾದ್ರಿಯೊಬ್ಬರಿಗೆ ಫೋನು ಮಾಡುತ್ತಾನೆ. ಒಬ್ಬರಿಂದ ಒಬ್ಬರಿಗೆ ಹೋಗಿ ಕೊನೆಗೆ ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಹೆಂಗಸು ಸಿಗುತ್ತಾಳೆ. ಆಕೆಗೆ ಗೊತ್ತಿದ್ದ ಒಬ್ಬ ಸರ್ಜನ್ನು, ಡಾಕ್ಟರ್ ಬಾಬ್ ಸ್ಮಿತ್, ಅವತ್ತು ಕುಡಿದು ಮಲಗಿದ್ದಾನೆ. ಮರುದಿನ ಮೇ 12, ಅಲ್ಲಿಯ ತಾಯಂದಿರ ದಿನ. ಹದಿನೈದೇ ನಿಮಿಷ ಕೂರುತ್ತೇನೆ ಎಂದು ಹಟ ಹಿಡಿದು ಬಂದ ಡಾಕ್ಟರು ಎದ್ದದ್ದು ರಾತ್ರಿ ಹನ್ನೊಂದು ದಾಟಿದ ಮೇಲೆ. ಬಿಲ್ ಉಪದೇಶ ಮಾಡಲಿಲ್ಲ. ತನ್ನ ಕಥೆ ಹೇಳಿದ, ಅಷ್ಟೆ. ಡಾಕ್ಟರು ಆಮೇಲೊಮ್ಮೆ ಜಾರಿದರು. ಶಸ್ತ್ರಚಿಕಿತ್ಸೆಗೆ ಹೊರಟ ಬೆಳಗ್ಗೆ ಕೈ ನಡುಗಬಾರದೆಂದು ಬಿಲ್ಲನೇ ಅವರಿಗೆ ಒಂದು ಬಾಟಲಿ ಬಿಯರು ಕೊಟ್ಟ. ಅದೇ ಕೊನೆಯದು. 1935ರ ಜೂನ್ 10, ಆ ದಿನವನ್ನೇ ಎ.ಎ.ಯ ಹುಟ್ಟುಹಬ್ಬವೆಂದು ಎಣಿಸುತ್ತಾರೆ. 1939ರಲ್ಲಿ ಅವರ ಪುಸ್ತಕ ಬಂತು, ಅದರಲ್ಲಿ ಕುಡಿತ ಬಿಡುವ ದಾರಿಯ ಹನ್ನೆರಡು ಮೆಟ್ಟಿಲುಗಳು ಬಂದವು. 1957ರಲ್ಲಿ ಮುಂಬಯಿಗೆ ಸಭೆ ಬಂತು.

ಗಮನಿಸಬೇಕಾದ್ದೆಂದರೆ, ಅವತ್ತು ಫೋನು ಮಾಡಿದ್ದು ಕುಡುಕ. ಅವನ ಹೆಂಡತಿಯಲ್ಲ, ಅಣ್ಣನ ಮಗನಲ್ಲ. ಕಾಕಾ ಫೋನು ಕೈಗೆತ್ತಿಕೊಳ್ಳಲು ಒಂದು ಮಳೆಗಾಲ ಪೂರ್ತಿ ಬೇಕಾಯಿತು. ನಡುವೆ ಮತ್ತೆ ಕುಡಿದ, ಮತ್ತೆ ಆಸ್ಪತ್ರೆ ಕಂಡ. ಒಂದು ಮಧ್ಯಾಹ್ನ, ಕಾಕಿ ಕಡಕ್ ಭಾಕರಿಗಳನ್ನು ಎಣಿಸಿ ಕಟ್ಟು ಕಟ್ಟುತ್ತಿರುವಾಗ (ಅವಳ ಭಾಕರಿ ಪುಣೆಯವರೆಗೆ ಹೋಗುತ್ತದೆ, ಮನೆ ನಡೆಯುವುದೇ ಅದರ ಮೇಲೆ), “ಆ ನಂಬರ್ ಎಲ್ಲದಪಾ ತಮ್ಮಾ?” ಎಂದು ಕೇಳಿದ. ಏಕೆ ಕೇಳಿದ, ಏನು ಹೊಳೆಯಿತು ಎಂದು ಯಾರೂ ಕೆದಕಲಿಲ್ಲ. ಕೈ ನಡುಗುತ್ತಿದ್ದರೂ ತಾನೇ ನಂಬರು ಒತ್ತಿದ.

ಸಭೆಯ ಜಾಗ ಗೊತ್ತಿದ್ದರೂ ಹುಡುಕುವುದು ಸಲೀಸಲ್ಲ. ದಾರು ಅಂಗಡಿಗೆ ಬೋರ್ಡಿದೆ, ಲೈಟಿದೆ, ಹೊರಗೆ ಚಕಣಾದ ಗಾಡಿಯಿದೆ. ಇದಕ್ಕೆ ಬೋರ್ಡಿಲ್ಲ. ಹೆಸರಿನಲ್ಲೇ ಅನಾಮಿಕರು; ಪತ್ರಿಕೆಯಲ್ಲಿ ಫೋಟೊ ಬೇಡ, ಪೂರ್ತಿ ಹೆಸರು ಬೇಡ ಎನ್ನುವವರು. ಬರುವವನಿಗೂ ಯಾರ ಕಣ್ಣಿಗೂ ಬೀಳಬಾರದು ಎಂಬ ಆಸೆ. ವರ್ಷಗಟ್ಟಲೆ ನಡುಬೀದಿಯಲ್ಲಿ ಧೋತರ ಬಿಚ್ಚಿ ಬಿದ್ದಾಗ ಇರದ ನಾಚಿಕೆ, ಕುಡಿತ ಬಿಡಲಿಕ್ಕೆ ಹೋಗುವಾಗ ಎಲ್ಲಿಂದಲೋ ಬಂದುಬಿಡುತ್ತದೆ. ಹೀಗೆ ಅಡಗಿದವರನ್ನು ಅಡಗಿದವರೇ ಹುಡುಕಬೇಕು. ಆದ್ದರಿಂದ ಅದು ಯಾವ ಪೇಟೆ, ಯಾವ ಶಾಲೆ ಎಂದು ನಾನೂ ಬರೆಯುವುದಿಲ್ಲ. ಪ್ರಾಥಮಿಕ ಶಾಲೆಯ ಒಂದು ಕೋಣೆ ಎಂದರೆ ಸಾಕು.

ಅವತ್ತಿನದು ಮನೆಯವರಿಗೂ ಪ್ರವೇಶವಿದ್ದ ಸಭೆಯಾದ್ದರಿಂದ ನಾನೂ ಹಿಂದೆ ಕೂತೆ. ಅಲ್ಲಿ ಕೇಳಿದ್ದು ಅಲ್ಲೇ ಬಿಡಬೇಕೆಂಬುದು ಕರಾರು. ಕಂಡದ್ದನ್ನು ಹೇಳಲು ಅಡ್ಡಿಯಿಲ್ಲ. ಮೂರನೇ ಇಯತ್ತೆಯ ಬೆಂಚುಗಳು. ಅದರಲ್ಲಿ ಆರಡಿಯ ಲಾರಿ ಡ್ರೈವರೊಬ್ಬ ಮೊಳಕಾಲು ಎದೆಗೆ ತಾಗುವಂತೆ ಕೂತಿದ್ದ. ಕರಿಹಲಗೆಯ ಮೇಲೆ ಹದಿನೇಳರ ಮಗ್ಗಿ ಅರ್ಧಕ್ಕೆ ನಿಂತಿತ್ತು. ಒಬ್ಬರು ಚಾದರದ ಅಂಗಡಿಯ ಕೈಚೀಲದಿಂದ ಎರಡು ಬಟ್ಟೆಯ ಸುರುಳಿ ತೆಗೆದು ಮೊಳೆಗೆ ತೂಗುಹಾಕಿದರು: ಒಂದರಲ್ಲಿ ಹನ್ನೆರಡು ಮೆಟ್ಟಿಲು, ಇನ್ನೊಂದರಲ್ಲಿ ಕೂಟ ನಡೆಸುವ ಹನ್ನೆರಡು ಸಂಪ್ರದಾಯ. ಅದೇ ಚೀಲದಿಂದ ಒಂದು ಪುಸ್ತಕ, ಒಂದು ಡಬ್ಬಿ, ಚಹಾದ ಕಾಗದದ ಕಪ್ಪುಗಳು. ಸಭೆಯ ಆಸ್ತಿ ಅಷ್ಟೇ. ಮುಗಿದ ಮೇಲೆ ಎಲ್ಲವೂ ಮಡಚಿಕೊಂಡು ಚೀಲದೊಳಕ್ಕೆ ಹೋಯಿತು. ಮಗ್ಗಿ ಮಾತ್ರ ಹಾಗೇ ಇತ್ತು.

ಡಬ್ಬಿ ಕೈಯಿಂದ ಕೈಗೆ ಬಂದಾಗ ನಾನೂ ಹತ್ತು ರೂಪಾಯಿಯ ನೋಟು ಹಾಕಿದೆ. ಪಕ್ಕದವರು ಅದನ್ನು ತೆಗೆದು ನನ್ನ ಕೈಗೇ ವಾಪಸು ಇಟ್ಟರು. “ಸರ್, ನೀವು ಕುಡಿಯೋರಲ್ಲ. ನಿಮ್ಮ ರೊಕ್ಕ ನಡಿಯಂಗಿಲ್ಲ.” ನನ್ನ ಜೀವಮಾನದಲ್ಲಿ ಕುಡಿಯದಿರುವುದು ಅನರ್ಹತೆಯಾದದ್ದು ಅದೊಂದೇ ಸಲ. ಹೊರಗಿನವರ ದಾನ ಪಡೆಯಬಾರದು ಎಂಬುದು ಅವರ ಏಳನೇ ಸಂಪ್ರದಾಯ. ಮೂರನೆಯದು ಇನ್ನೂ ಸರಳ: ಸದಸ್ಯನಾಗಲು ಕುಡಿತ ಬಿಡಬೇಕೆಂಬ ಆಸೆಯೊಂದೇ ಸಾಕು. ಬಿಟ್ಟಿರಬೇಕು ಎಂದೂ ಇಲ್ಲ. ಫೀ ಇಲ್ಲ, ಅರ್ಜಿ ಇಲ್ಲ, ಜಾತಿ ಕೇಳುವುದಿಲ್ಲ. ನಮ್ಮ ಸೀಮೆಯಲ್ಲಿ ಜಾತಿ ಕೇಳದ ಕೂಟ ಇನ್ನೊಂದಿದ್ದದ್ದು ದಾರು ಅಂಗಡಿ.

ಕಾಕಾನ ಸರದಿ ಬಂತು. ಎಲ್ಲರೂ ಮರಾಠಿಯಲ್ಲಿ ಮಾತಾಡಿದ್ದರು, ಇವನೂ ಗಿರಣಿಯ ಮರಾಠಿಯಲ್ಲಿ ಶುರುಮಾಡಿದ. ಹೆಸರು ಹೇಳಿದ, ಊರು ಹೇಳಿದ, ನಿಂತ. ಸ್ವಲ್ಪ ಹೊತ್ತಾದ ಮೇಲೆ ಮಾತು ಕನ್ನಡದಲ್ಲಿ ಬಂತು, ಬರುತ್ತಲೇ ಹೋಯಿತು. ಯಾರೂ ತಡೆಯಲಿಲ್ಲ. ಮುಂದಿನ ಬೆಂಚಿನ ತೆಲುಗು ಪದ್ಮಶಾಲಿ ಅಜ್ಜ ಗೋಣು ಹಾಕುತ್ತಿದ್ದ. ಅವನಿಗೆ ಎಷ್ಟು ತಿಳಿಯಿತೋ, ಆದರೆ ಎಲ್ಲಿ ಗೋಣು ಹಾಕಬೇಕೋ ಅಲ್ಲೇ ಹಾಕಿದ. ಕಾಕಾ ಏನು ಹೇಳಿದ ಎಂಬುದು ಅವನದು. ಮೂವತ್ತು ವರ್ಷ ಮನೆಯಲ್ಲಿ ಹೇಳಿದ ಸುಳ್ಳೆಲ್ಲ ಕನ್ನಡದ್ದೇ ಆಗಿತ್ತು, ನಿಜವೂ ಅದರಲ್ಲೇ ಬರಬೇಕಾಗಿತ್ತೋ ಏನೋ.

ಇಂಥ ಸಭೆಯ ಮಾತು ಬಂದರೆ ನಮ್ಮವರು ಅನುಭವ ಮಂಟಪವನ್ನು ನೆನೆಯುತ್ತಾರೆ. ಶರಣ ಸಿದ್ಧರಾಮಯ್ಯನ ಊರಾದ ಸೊಲ್ಲಾಪುರದಲ್ಲಿರುವ ನನಗೂ ಹೆಮ್ಮೆಯಿಂದ ಹಾಗೆ ಹೇಳುವ ಆಸೆ ಇದೆ, ಆದರೆ ಹೋಲಿಕೆ ಕೂರುವುದಿಲ್ಲ. ಮಂಟಪದಲ್ಲಿ ಶೂನ್ಯ ಸಿಂಹಾಸನವಿತ್ತು, ಅಲ್ಲಮನಂಥ ಅಧ್ಯಕ್ಷನಿದ್ದ, ಪ್ರಶ್ನೆಯಿತ್ತು, ವಾದವಿತ್ತು. ಇಲ್ಲಿ ಒಬ್ಬನ ಮಾತಿಗೆ ಇನ್ನೊಬ್ಬ ಉತ್ತರ ಕೊಡುವಂತಿಲ್ಲ, ಬುದ್ಧಿ ಹೇಳುವಂತಿಲ್ಲ, ತಿದ್ದುವಂತಿಲ್ಲ. ಕೇಳುವುದು, ‘ಥ್ಯಾಂಕ್ಯೂ’ ಎನ್ನುವುದು, ಮುಂದಿನವನು. ಶರಣರಲ್ಲಿ ನನಗೆ ಈ ಕೋಣೆಗೆ ಹತ್ತಿರದವನೆಂದು ಕಾಣುವವನು ಹೆಂಡದ ಮಾರಯ್ಯ. ಹೆಂಡ ಮಾರುವುದೇ ಅವನ ಕಾಯಕ, ‘ಧರ್ಮೇಶ್ವರಲಿಂಗ’ ಅವನ ಅಂಕಿತ. ಗಿರಾಕಿಗಳ ಸಂಜೆಗಳನ್ನು ಅವನಷ್ಟು ಹತ್ತಿರದಿಂದ ನೋಡಿದ ವಚನಕಾರ ಬೇರೆ ಯಾರು? ಇನ್ನು ದೇವರ ಮಾತು. ಮೆಟ್ಟಿಲುಗಳಲ್ಲಿ ದೇವರು ಬರುತ್ತಾನೆ, ಅವರವರು ಅರಿತಂಥ ದೇವರು ಎಂಬ ಸಡಿಲು ಬಿಟ್ಟು. ಲಾರಿ ಡ್ರೈವರು ದೇವರನ್ನೇ ನಂಬದವನು. ತನ್ನ ಮಟ್ಟಿಗೆ ಈ ಬೆಂಚಿನ ಜನರೇ ದೇವರು ಎಂದು ಚಹಾ ಕುಡಿಯುವಾಗ ನನಗೆ ಹೇಳಿದ. ಅದಕ್ಕೂ ಯಾರೂ ಉತ್ತರ ಕೊಡಲಿಲ್ಲ.

ಇದರಿಂದ ನಿಜವಾಗಿ ಉಪಯೋಗವಿದೆಯೇ ಎಂದು ಕೇಳುವ ಹಕ್ಕು ಓದುಗರಿಗಿದೆ. 2020ರಲ್ಲಿ ಕಾಕ್ರೇನ್ ಸಂಸ್ಥೆಯವರು 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ಲೆಕ್ಕವನ್ನು ಜಾಲಾಡಿ ನೋಡಿದರು. ಪೂರ್ತಿ ಕುಡಿಯದೆ ಇರುವ ವಿಷಯದಲ್ಲಿ, ಎ.ಎ.ಯ ದಾರಿಗೆ ಕ್ರಮಬದ್ಧವಾಗಿ ಹಚ್ಚುವ ಚಿಕಿತ್ಸೆ ಬೇರೆ ಮಾನಸಿಕ ಚಿಕಿತ್ಸೆಗಳಿಗಿಂತ ಒಂದು ಕೈ ಮೇಲೆಂದೇ ಕಂಡಿತು. ಎಲ್ಲರಿಗೂ ಹಿಡಿಸುತ್ತದೆ ಎಂದಲ್ಲ. ಬಂದು ಹೋದವರು, ಮತ್ತೆ ಬರದವರು ಬಹಳ. ಪುಣೆಯಲ್ಲಿ ಅನಿಲ ಅವಚಟ, ಸುನಂದಾ ಅವಚಟ ದಂಪತಿ 1986ರಲ್ಲಿ ಕಟ್ಟಿದ ಮುಕ್ತಾಂಗಣವಿದೆ. ಕರ್ನಾಟಕದಲ್ಲಿ ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳಿವೆ, ಶಿಬಿರ ಮುಗಿಸಿದವರ ನವಜೀವನ ಸಮಿತಿಗಳಿವೆ. ಯಾವುದು ಹಿಡಿಸಿದರೂ ನನ್ನ ತಕರಾರಿಲ್ಲ. ಅವನೇ ನಡೆದು ಹೋಗುವಂಥದ್ದಾಗಿದ್ದರೆ ಸಾಕು.

ಕಾಕಿಗೆ ಕೊಟ್ಟ ‘ಬ್ಯಾರೇ ನಂಬರ್’ ಅಲ್‌-ಅನಾನ್‌ನದು. ಬಿಲ್ಲನ ಹೆಂಡತಿ ಲೋಯಿಸ್ 1951ರಲ್ಲಿ ಕುಡುಕರ ಮನೆಯವರಿಗಾಗಿಯೇ ಶುರುಮಾಡಿದ ಕೂಟ. ಕಾಕಿ ಆ ನಂಬರಿಗೆ ಇನ್ನೂ ಫೋನು ಮಾಡಿಲ್ಲ. “ನಾ ಏನ್ ಕುಡದೇನಿ?” ಎನ್ನುತ್ತಾಳೆ. ಜೋಳದ ಡಬ್ಬಿಯೊಳಗೆ ರೊಕ್ಕ ಬಚ್ಚಿಡುವುದನ್ನು ಮಾತ್ರ ನಿಲ್ಲಿಸಿಲ್ಲ.

ಕಾಕಾ ಈಗ ಕುಡಿಯುತ್ತಿಲ್ಲ. ವಾರವಾರ ಸೊಲ್ಲಾಪುರಕ್ಕೆ ಹೋಗಿ ಬರುತ್ತಾನೆ. ಸಭೆ ನಡೆಯುವುದೇ ಕುಡಿಯುವ ಹೊತ್ತಿನಲ್ಲಿ, ಅದೇ ಅದರ ಯುಕ್ತಿ. ಆದರೆ ಮುಗಿದ ಮೇಲೆ ರಾತ್ರಿಯ ಬಸ್ಸಿಗೆ ಕಾಯಬೇಕು, ಸ್ಟ್ಯಾಂಡಿನ ಸುತ್ತಮುತ್ತ ಏನೇನಿದೆ ಎಂಬುದು ಎಲ್ಲರಿಗೂ ಗೊತ್ತು. ಫೋನು ಎತ್ತಿದ ಆ ಮನುಷ್ಯ ಮೋಟರ್ ಸೈಕಲ್ಲಿನಲ್ಲಿ ಕಾಕಾನನ್ನು ತಂದು ಬಿಟ್ಟು, ಬಸ್ಸು ಹೊರಡುವ ತನಕ ಸೀಟಿನ ಕಿಟಕಿಯ ಕೆಳಗೇ ನಿಂತಿರುತ್ತಾನೆ. ಮಳೆ ಬಂದರೂ, ಬಸ್ಸು ಕೆಟ್ಟರೂ. ಎಷ್ಟು ವರ್ಷ ಹೀಗೆ ನಿಲ್ಲಬೇಕು?

ಅಕ್ಕಲಕೋಟೆಯಲ್ಲಿ ಕನ್ನಡದಲ್ಲೇ ಮಾತಾಡಬಹುದಾದ ಸಭೆಯೊಂದು ಬೇಕು. ಗುರುವಾರ ಸಂಜೆ ಇದ್ದರೆ ಇನ್ನೂ ಚಲೋ. ಗುರುವಾರ ಅಕ್ಕಲಕೋಟೆಗೆ ಹೊರಟವನನ್ನು ಎಲ್ಲಿಗೆ, ಏಕೆ ಎಂದು ಯಾರೂ ಕೇಳುವುದಿಲ್ಲ. ಕೈಯಲ್ಲಿ ಒಂದು ತೆಂಗಿನಕಾಯಿ ಇದ್ದರಾಯಿತು. ಇಂಡಿಯಿಂದ, ಆಳಂದದಿಂದ, ಅಫಜಲಪುರದಿಂದಲೂ ಬರಬಹುದು. ಕುಡಿತ ಬಿಡಬೇಕೆಂದು ಇಬ್ಬರು ಮೂವರು ಕೂಡಿ ಕೂತರೆ ಅದೇ ಒಂದು ಗುಂಪು ಎಂದು ಅವರ ಸಂಪ್ರದಾಯವೇ ಹೇಳುತ್ತದೆ. ನಮ್ಮ ಕಾಕಾ ಒಬ್ಬನಾದ. ಇದನ್ನು ಓದುತ್ತಿರುವ ಇನ್ನೊಬ್ಬರು ನೀವಾಗಿದ್ದರೆ, ಅಥವಾ ನಿಮ್ಮ ಮನೆಯಲ್ಲಿದ್ದರೆ, ಕೇಂದ್ರ ಸರಕಾರದ ನಶಾಮುಕ್ತಿ ಸಹಾಯವಾಣಿ 14446, ಫುಕಟ್ ಕರೆ. ಮನೆಯವರು ಮಾಡಿದರೂ ಮಾತಾಡುತ್ತಾರೆ. ಇನ್ನು ಅಕ್ಕಲಕೋಟೆಯ ಕನ್ನಡ ಶಾಲೆಗಳ ಆಡಳಿತ ಮಂಡಳಿಯವರಲ್ಲಿ ಒಂದು ವಿನಂತಿ. ವಾರಕ್ಕೊಂದು ಸಂಜೆ ಒಂದು ಕೋಣೆಯ ಕೀಲಿ ಕೊಡಿ. ಬಾಡಿಗೆ ಎಷ್ಟೆಂದು ಮೊದಲೇ ಹೇಳಿಬಿಡಿ, ಧರ್ಮಕ್ಕೆ ಕೊಟ್ಟರೆ ಅವರು ತೆಗೆದುಕೊಳ್ಳುವುದಿಲ್ಲ.